ನಾಲ್ಕನೆಯ ಸುತ್ತಿಗೆ ಮುನ್ನ ಒಂದು ಲೆಕ್ಕ

ಮಹಾವೀರ ಜಯಂತಿಯ ದಿನ ಪುಣೆಯ ಜಿನಮಂದಿರವೊಂದರಲ್ಲಿ ಬಾಲ ವರ್ಧಮಾನನ ತೊಟ್ಟಿಲು ತೂಗುವ ಕಾರ್ಯಕ್ರಮ ನಡೆದಿರುತ್ತದೆ. ಹಿರಿಯ ಶ್ರಾವಿಕೆಯೊಬ್ಬರು ಹಿಂದೆ ನಿಂತಿದ್ದ ಸೊಸೆಯೊಬ್ಬಳ ಕೈಹಿಡಿದು ಮುಂದೆ ಕರೆತರುತ್ತಾರೆ. "ಮೊದಲು ನೀ ತೂಗವ್ವಾ. ಮುಂದಿನ ವರ್ಷ ಮನಿಯಾಗ ತೂಗುವಂಗ ಆಗಲಿ." ಮಾತಿನಲ್ಲಿ ಕೇಡಿಲ್ಲ, ಅಂತಃಕರಣವೇ ಇದೆ. ಆದರೆ ಆ ಹೆಣ್ಣುಮಗಳ ಮೂರನೆಯ ಐವಿಎಫ್ ಸುತ್ತಿನ ರಕ್ತಪರೀಕ್ಷೆಯ ವರದಿ ಬಂದು ಹದಿನೈದು ದಿನಗಳೂ ಆಗಿಲ್ಲ. ಆಕೆ ಹಗ್ಗ ಹಿಡಿದು ಎರಡು ಸಲ ತೂಗುತ್ತಾಳೆ, ಎಲ್ಲರಿಗೂ ನಕ್ಕು ಕೈಮುಗಿದು ಹೊರಗೆ ಬಂದು ಕಾರಿನಲ್ಲಿ ಕೂರುತ್ತಾಳೆ.

ಇಂಥ ದಂಪತಿಗಳು ಮುಂಬೈ, ಪುಣೆ, ಹೈದರಾಬಾದಿನ ಪ್ರತಿಯೊಂದು ಕನ್ನಡ ಜೈನ ಬಳಗದಲ್ಲಿಯೂ ಇದ್ದಾರೆ. ಓದು, ನೌಕರಿ, ಮನೆಸಾಲ ಎಲ್ಲ ಮುಗಿಸಿ ಮದುವೆ ತಡವಾದವರು ಕೆಲವರು. ಸಕಾಲದಲ್ಲಿಯೇ ಮದುವೆಯಾಗಿದ್ದರೂ ಕಾರಣ ತಿಳಿಯದೆ ಕಾದವರು ಕೆಲವರು. ಮೇಲಿನ ದಂಪತಿಯಲ್ಲಿ ಆತನಿಗೆ 43, ಆಕೆಗೆ 40. ಮೂರು ಸುತ್ತಿಗೆ, ಪರೀಕ್ಷೆ, ಔಷಧ, ಓಡಾಟ ಸೇರಿ 8 ಲಕ್ಷ 40 ಸಾವಿರ ರೂಪಾಯಿ ಖರ್ಚಾಗಿದೆ. ಆಕೆಯ ತವರಿನ ಪಾಟಲಿಗಳು ಅಡವಿನಲ್ಲಿವೆ. ನಾಲ್ಕನೆಯ ಸುತ್ತಿಗೆ 2 ಲಕ್ಷ 25 ಸಾವಿರವೆಂದು ಆಸ್ಪತ್ರೆ ಬರೆದುಕೊಟ್ಟಿದೆ. ಬೆಳಗಾವಿ ಕಡೆಯ ಊರಿನಿಂದ ಅತ್ತೆಯವರು ಫೋನಿನಲ್ಲಿ ಹೇಳುವುದು ಒಂದೇ ಮಾತು: ಇಷ್ಟು ಸುರಿದ ಮೇಲೆ ಈಗ ಬಿಟ್ಟರೆ ಎಲ್ಲವೂ ನೀರುಪಾಲು.

ಈ ಮಾತನ್ನು ವ್ಯಾಪಾರದ ಮನೆತನದಲ್ಲಿ ಹುಟ್ಟಿದವರು ಆಡಬಾರದಿತ್ತು. ನಷ್ಟದ ಅಂಗಡಿಗೆ ಹಳೆಯ ಬಂಡವಾಳದ ಮೋಹದಿಂದ ಹೊಸ ಬಂಡವಾಳ ಹಾಕುವವನನ್ನು ಯಾವ ಹಿರಿಯನೂ ಜಾಣನೆನ್ನುವುದಿಲ್ಲ. ನಾಲ್ಕನೆಯ ಸುತ್ತು ಮಾಡಿದರೂ ಬಿಟ್ಟರೂ ಆ 8 ಲಕ್ಷ 40 ಸಾವಿರ ಮರಳಿ ಬರುವುದಿಲ್ಲ. ಆದ್ದರಿಂದ ಮುಂದಿನ ತೀರ್ಮಾನದಲ್ಲಿ ಆ ಅಂಕಿಗೆ ಸ್ಥಾನವಿಲ್ಲ. ಅಲ್ಲಿ ಎಣಿಕೆಗೆ ಬರಬೇಕಾದುದು ಮುಂದೆ ಹೋಗಲಿರುವ ಹಣ, ಮುಂದೆ ದಣಿಯಲಿರುವ ದೇಹ, ಮುಂದಿರುವ ಸಾಧ್ಯತೆ, ಇಷ್ಟೇ.

ಸಾಧ್ಯತೆಯ ಲೆಕ್ಕದಲ್ಲಿ ಇನ್ನೊಂದು ತಪ್ಪು ನುಸುಳುತ್ತದೆ. ನಾಲ್ಕರಲ್ಲಿ ಒಂದು ಅವಕಾಶವಿದೆ ಎಂದು ವೈದ್ಯರು ಹೇಳಿದರೆ, ಮೂರು ಸಲ ಸೋತವರಿಗೆ ನಾಲ್ಕನೆಯದು ಖಚಿತವೆಂದು ಮನೆಯವರು ತಿಳಿಯುತ್ತಾರೆ. ಹಾಗಿಲ್ಲ. ಪ್ರತಿ ಸುತ್ತಿಗೂ ಅದೇ ಅವಕಾಶವೆಂದು ಇಟ್ಟುಕೊಂಡರೂ ನಾಲ್ಕು ಸುತ್ತು ಮುಗಿಸಿದ ನೂರು ದಂಪತಿಗಳಲ್ಲಿ ಸುಮಾರು 32 ದಂಪತಿಗಳು ಬರಿಗೈಯಲ್ಲಿಯೇ ಉಳಿಯುತ್ತಾರೆ. ವಾಸ್ತವದಲ್ಲಿ ಅವಕಾಶ ಅಷ್ಟೇ ಇರುವುದೂ ಇಲ್ಲ. ಮೂವತ್ತೈದರ ನಂತರ ಸ್ತ್ರೀಯ ಅಂಡಾಣುಗಳ ಸಂಖ್ಯೆಯೂ ಗುಣವೂ ವೇಗವಾಗಿ ಇಳಿಯುತ್ತವೆ. ನಲವತ್ತರಲ್ಲಿ ಮಾಡುವ ಸುತ್ತು ಮೂವತ್ತೇಳರಲ್ಲಿ ಮಾಡಿದ ಸುತ್ತಿಗೆ ಸಮನಲ್ಲ.

1986ರ ಆಗಸ್ಟ್ 6ರಂದು ಮುಂಬೈನ ಕೆ.ಇ.ಎಂ. ಆಸ್ಪತ್ರೆಯಲ್ಲಿ ಡಾ. ಇಂದಿರಾ ಹಿಂದುಜಾ ಅವರ ಆರೈಕೆಯಲ್ಲಿ ಪ್ರನಾಳ ಶಿಶು ಹುಟ್ಟಿದಾಗ ಅದು ದೇಶವೇ ಬೆರಗಾದ ಸಂಗತಿ. ಅದೂ ಸಾರ್ವಜನಿಕ ಆಸ್ಪತ್ರೆಯಲ್ಲಿ ನಡೆದದ್ದು. ಇಂದು ಅದೇ ವಿದ್ಯೆ ಮಹಾನಗರದ ಜಾಹೀರಾತು ಫಲಕಗಳಲ್ಲಿ ಶೇಕಡಾವಾರು ಯಶಸ್ಸಾಗಿ ಹೊಳೆಯುತ್ತಿದೆ. ಆ ಶೇಕಡಾ ಯಾವುದರದ್ದು? ಭ್ರೂಣವನ್ನು ಗರ್ಭಕೋಶದಲ್ಲಿ ಇರಿಸಿದವರಲ್ಲಿ ಗರ್ಭ ನಿಂತವರದ್ದೋ, ಚಿಕಿತ್ಸೆ ಆರಂಭಿಸಿದವರಲ್ಲಿ ಮಗುವನ್ನು ಮನೆಗೆ ಒಯ್ದವರದ್ದೋ? ಎರಡರ ನಡುವೆ ಬಹಳ ಅಂತರವಿದೆ. ಆರಂಭಿಸಿದವರೆಲ್ಲ ಭ್ರೂಣವಿರಿಸುವ ಹಂತಕ್ಕೆ ತಲುಪುವುದಿಲ್ಲ, ನಿಂತ ಗರ್ಭಗಳೆಲ್ಲ ಉಳಿಯುವುದೂ ಇಲ್ಲ. 2022ರ ಜನವರಿ 25ರಿಂದ ಜಾರಿಯಲ್ಲಿರುವ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ (ನಿಯಂತ್ರಣ) ಕಾಯ್ದೆಯು ಯಶಸ್ಸಿನ ಸಾಧ್ಯತೆ, ಖರ್ಚು, ಅಡ್ಡಪರಿಣಾಮಗಳನ್ನು ದಂಪತಿಗೆ ತಿಳಿಸಿ ಆಪ್ತಸಲಹೆ ನೀಡುವುದನ್ನು ಚಿಕಿತ್ಸಾಲಯದ ಕರ್ತವ್ಯವಾಗಿಸಿದೆ. ಹಾಗಿರುವಾಗ 'ನಿಮ್ಮಲ್ಲಿ ನಲವತ್ತು ದಾಟಿದ ಎಷ್ಟು ಮಂದಿ ಆರಂಭಿಸಿದರು, ಎಷ್ಟು ಮಂದಿ ಮಗುವನ್ನು ಒಯ್ದರು' ಎಂದು ಕೇಳುವುದು ಉದ್ಧಟತನವಲ್ಲ. ಫ್ಲ್ಯಾಟ್ ಕೊಳ್ಳುವಾಗ ಹತ್ತು ಕಾಗದ ಕೇಳುವ ಗಂಡಸರು ಇಲ್ಲಿ ಮಾತ್ರ ತುಟಿ ಬಿಚ್ಚದೆ ಸಹಿ ಹಾಕಿ ಬರುತ್ತಾರೆ.

ಗಂಡಸರ ಮಾತು ಬಂದುದರಿಂದ ಒಂದು ವಿಷಯ. ಕನ್ನಡದಲ್ಲಿ 'ಬಂಜೆ' ಎಂಬ ಪದಕ್ಕೆ ಬಳಕೆಯ ಪುಲ್ಲಿಂಗ ರೂಪವೇ ಇಲ್ಲ. ಭಾಷೆ ಹಾಗಿದ್ದರೂ ದೇಹ ಹಾಗಿಲ್ಲ. ಮಕ್ಕಳಾಗದ ಪ್ರಕರಣಗಳಲ್ಲಿ ಹೆಚ್ಚುಕಡಿಮೆ ಅರ್ಧದಲ್ಲಿ ಪುರುಷನ ಪಾಲೂ ಇರುತ್ತದೆ. ದೋಷ ಯಾರದ್ದೇ ಇರಲಿ, ಹತ್ತು ಹನ್ನೆರಡು ದಿನ ಹೊಟ್ಟೆಗೆ ಚುಚ್ಚುಮದ್ದು, ಅರಿವಳಿಕೆಯಲ್ಲಿ ಅಂಡಾಣು ತೆಗೆಯುವ ಪ್ರಕ್ರಿಯೆ, ಅಂಡಾಶಯ ಅತಿಯಾಗಿ ಊದಿಕೊಳ್ಳುವ ಅಪಾಯ, ಆಮೇಲಿನ ಎರಡು ವಾರಗಳ ಕಾಯುವಿಕೆ, ಎಲ್ಲವೂ ಆಕೆಯ ದೇಹಕ್ಕೇ. ಸೂರ್ಯಾಸ್ತದ ನಂತರ ನೀರನ್ನೂ ಮುಟ್ಟದ ವ್ರತವಿದ್ದವಳು ರಾತ್ರಿಯ ಗುಳಿಗೆ ನುಂಗಿ ಮರುದಿನ ಪ್ರಾಯಶ್ಚಿತ್ತವೆಂದು ಉಪವಾಸ ಕೂರುವುದೂ ಇದೆ. ಹೀಗಿರುವಾಗ ಇನ್ನೊಂದು ಸುತ್ತು ಬೇಕೋ ಬೇಡವೋ ಎಂಬ ಪ್ರಶ್ನೆಯಲ್ಲಿ ಮೊದಲ ಮತ ಆಕೆಯದು. 'ಬೇಡ' ಎಂದರೆ ಅದು ಹಟವಲ್ಲ.

ಧರ್ಮದ ಹೆಸರಿನಲ್ಲಿ ಒತ್ತಡ ತರುವವರಿಗೂ ಒಂದು ಮಾತು. ಮಗನಿಲ್ಲದವನಿಗೆ ಸದ್ಗತಿಯಿಲ್ಲ ಎಂಬುದು ಜೈನರ ಮಾತಲ್ಲ. ಇಲ್ಲಿ ಪಿಂಡಪ್ರದಾನವಿಲ್ಲ, ಒಬ್ಬನ ಕರ್ಮವನ್ನು ಇನ್ನೊಬ್ಬ ಕಳೆಯುವಂತಿಲ್ಲ. ಈ ವ್ಯತ್ಯಾಸ ನ್ಯಾಯಾಲಯದವರೆಗೂ ಹೋಗಿತ್ತು. ಉತ್ತರ ಭಾರತದ ಜೈನ ಕುಟುಂಬವೊಂದರ ಮೊಕದ್ದಮೆಯಲ್ಲಿ 1878ರಷ್ಟು ಹಿಂದೆಯೇ ಪ್ರಿವಿ ಕೌನ್ಸಿಲ್, ಮಗನಿಲ್ಲದ ಜೈನ ವಿಧವೆ ಗಂಡನ ಅನುಮತಿಯಿಲ್ಲದೆಯೂ ದತ್ತು ತೆಗೆದುಕೊಳ್ಳಬಹುದೆಂಬ ರೂಢಿಯನ್ನು ಮನ್ನಿಸಿತು. ದತ್ತಕವು ಜೈನರಲ್ಲಿ ಲೌಕಿಕ ವಿಷಯ, ಪರಲೋಕದ ಏರ್ಪಾಡಲ್ಲ. ಹೊಂಬುಜದ ಪದ್ಮಾವತಿಗೆ ಹರಕೆ ಹೊರುವುದು ಭಕ್ತಿಯ ಮಾತು, ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಆದರೆ ವಂಶದ ಹಂಬಲವನ್ನು ಸಿದ್ಧಾಂತವೆಂದು ಸೊಸೆಯ ಮೇಲೆ ಹೇರಬಾರದು.

ಸಿದ್ಧಾಂತ ನಿಜವಾಗಿ ಎದುರಾಗುವ ಜಾಗ ಬೇರೆಯೇ ಇದೆ, ಅಲ್ಲಿ ಯಾರೂ ಬಾಯಿ ತೆರೆಯುವುದಿಲ್ಲ. ಒಂದು ಸುತ್ತಿನಲ್ಲಿ ರೂಪುಗೊಂಡ ಭ್ರೂಣಗಳೆಲ್ಲವನ್ನೂ ಒಮ್ಮೆಗೇ ಬಳಸುವುದಿಲ್ಲ, ಉಳಿದವನ್ನು ಶೈತ್ಯದಲ್ಲಿ ಇಡುತ್ತಾರೆ. ಕಾಯ್ದೆಯ ಪ್ರಕಾರ ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ಇಡುವಂತಿಲ್ಲ. ಅವಧಿ ಮುಗಿದ ಮೇಲೆ ಅವು ನಾಶವಾಗಬೇಕು, ಇಲ್ಲವೇ ದಂಪತಿಯ ಒಪ್ಪಿಗೆಯೊಂದಿಗೆ ಸಂಶೋಧನೆಗೆ ಹೋಗಬೇಕು. ನೆಲದ ಇರುವೆಯನ್ನು ನೋಡಿ ಹೆಜ್ಜೆಯಿಡುವ ಮನೆಯಲ್ಲಿ 'ಹಿಂದಿನ ಸುತ್ತಿನವು ಎಷ್ಟು ಉಳಿದಿವೆ' ಎಂಬ ಪ್ರಶ್ನೆ ಹೊಸ ಚುಚ್ಚುಮದ್ದಿಗೆ ಮೊದಲು ಬರಬೇಕಾಗಿತ್ತು. ಧರ್ಮಸಂಕಟ ಹಾಗಿರಲಿ, ಇದು ವ್ಯವಹಾರದ ಪ್ರಶ್ನೆಯೂ ಹೌದು: ಉಳಿದ ಭ್ರೂಣವನ್ನು ಇರಿಸಲು ಅಂಡಾಣು ತೆಗೆಯುವ ಕಷ್ಟವಿಲ್ಲ, ಖರ್ಚೂ ಕಡಿಮೆ. ಮೇಲಾಗಿ ಅದು ಆಕೆಯ ಅಷ್ಟು ಕಿರಿಯ ವಯಸ್ಸಿನ ಅಂಡಾಣುವಿನದು.

ಸರ್ಕಾರದ ನಿಲುವಿನಲ್ಲಿಯೂ ಹೊಂದಾಣಿಕೆಯಿಲ್ಲ. ಐವಿಎಫ್ ಆರೋಗ್ಯ ಸೇವೆಯೇ, ಆದ್ದರಿಂದ ಜಿ.ಎಸ್.ಟಿ. ಇಲ್ಲ ಎಂದು 2022ರ ಆಗಸ್ಟ್‌ನ ಸುತ್ತೋಲೆ ಸ್ಪಷ್ಟಪಡಿಸಿತು. ಅದೇ ಆರೋಗ್ಯ ಸೇವೆಯನ್ನು ಆರೋಗ್ಯ ವಿಮೆಯಿಂದ ಹೊರಗಿಡಲು ವಿಮಾ ನಿಯಂತ್ರಣ ಪ್ರಾಧಿಕಾರದ ಪ್ರಮಾಣಿತ ಹೊರಗಿಡುವಿಕೆಗಳ ಪಟ್ಟಿಯಲ್ಲಿ 17ನೆಯ ಸಂಕೇತವಿದೆ. 1961ರ ಆದಾಯ ತೆರಿಗೆ ಕಾಯ್ದೆಯ 80ಡಿಡಿಬಿ ಕಲಮಿನ ರೋಗಗಳ ಪಟ್ಟಿಯಲ್ಲಿಯೂ ಇದಕ್ಕೆ ಜಾಗ ಸಿಗಲಿಲ್ಲ. ತೆರಿಗೆ ಬಿಡುವಾಗ ಚಿಕಿತ್ಸೆ, ನೆರವು ಕೊಡುವಾಗ ಶೋಕಿ! ಮತ ಕೇಳಲು ಬರುವವರ ಮುಂದೆ ಮಧ್ಯಮ ವರ್ಗದವರು ಇದನ್ನು ಎತ್ತುವುದಿಲ್ಲ, ಏಕೆಂದರೆ ಎತ್ತಿದರೆ ತಮ್ಮ ಮನೆಯ ಗುಟ್ಟು ಹೊರಬೀಳುತ್ತದೆಂಬ ಅಂಜಿಕೆ.

ಗುಟ್ಟಿನ ಬೆಲೆ ಇನ್ನೊಂದು ಕಡೆಯೂ ತೆರಬೇಕಾಗುತ್ತದೆ. ದತ್ತು ನಿಯಮಗಳ ಪ್ರಕಾರ ಎರಡು ವರ್ಷದೊಳಗಿನ ಮಗುವಿಗೆ ದಂಪತಿಯ ವಯಸ್ಸಿನ ಮೊತ್ತ 85 ಮೀರುವಂತಿಲ್ಲ. ಎರಡರಿಂದ ನಾಲ್ಕು ವರ್ಷದ ಮಗುವಿಗೆ ಈ ಮಿತಿ 90. ಪುಣೆಯ ದಂಪತಿಯ ಮೊತ್ತ ಈಗ 83, ಪ್ರತಿ ವರ್ಷ ಅದು ಎರಡರಂತೆ ಏರುತ್ತದೆ. ತಯಾರಿ, ಚಿಕಿತ್ಸೆ, ಸೋಲು, ಚೇತರಿಕೆ ಸೇರಿ ಒಂದೊಂದು ಸುತ್ತು ಅರ್ಧ ವರ್ಷವನ್ನು ಸುಲಭವಾಗಿ ನುಂಗುತ್ತದೆ. ದತ್ತಕದ ವಿಚಾರವನ್ನು 'ಎಲ್ಲ ಮುಗಿದ ಮೇಲೆ ನೋಡೋಣ' ಎಂದು ಮುಂದೂಡಿದವರು ಎಲ್ಲ ಮುಗಿಯುವಷ್ಟರಲ್ಲಿ ಆ ಬಾಗಿಲಿನ ಒಂದು ರೆಕ್ಕೆ ಮುಚ್ಚಿದ್ದನ್ನು ಕಾಣುತ್ತಾರೆ. ಮಕ್ಕಳೇ ಬೇಡವೆಂದು ನೆಮ್ಮದಿಯಿಂದ ಬದುಕುವವರೂ ಇದ್ದಾರೆ, ಅವರನ್ನು ಮದುವೆಮನೆಗಳಲ್ಲಿ ಕರುಣೆಯಿಂದ ನೋಡುವುದನ್ನು ಬಿಟ್ಟರೆ ಸಾಕು.

ನಾಲ್ಕನೆಯ ಸುತ್ತು ತಪ್ಪೆಂದಲ್ಲ. ನಾಲ್ಕನೆಯದರಲ್ಲಿ ತಾಯಿಯಾದವರು ಇದ್ದಾರೆ. ಆದರೆ ಹೊಸದನ್ನು ಆರಂಭಿಸುವ ಮೊದಲೇ, ಮನಸ್ಸು ಶಾಂತವಿರುವಾಗ, ಎಲ್ಲಿ ನಿಲ್ಲಿಸುವುದೆಂದು ಗಂಡಹೆಂಡತಿ ಕಾಗದದ ಮೇಲೆ ಬರೆದಿಡಬೇಕು. ವರದಿ ಕೈಗೆ ಬಂದ ಸಂಜೆ ಆ ತೀರ್ಮಾನ ಮಾಡಲು ಯಾರಿಂದಲೂ ಆಗದು.

ಆ ದಂಪತಿಯ ಕಡತದಲ್ಲಿ, ಮೂರನೆಯ ಸುತ್ತಿನ ಕೊನೆಯ ಹಾಳೆಯಲ್ಲಿ, ಶೈತ್ಯದಲ್ಲಿರಿಸಿದ ಭ್ರೂಣಗಳು ಎರಡು ಎಂದು ಬರೆದಿದೆ. ಪ್ಯಾಕೇಜಿನ ಮಾತಿನಲ್ಲಿ ಅದನ್ನು ಯಾರೂ ಪ್ರಸ್ತಾಪಿಸಿರಲಿಲ್ಲ. ಹಾಳೆ ತಿರುವುತ್ತ ಅದನ್ನು ಕಂಡವಳು ಆಕೆಯೇ. ಹೊಸ ಚುಚ್ಚುಮದ್ದು ಬೇಡ, ಈ ಎರಡು ಮುಗಿದರೆ ಅಲ್ಲಿಗೆ ನಿಲುಗಡೆ, ಅದೇ ತಿಂಗಳು ದತ್ತಕಕ್ಕೆ ನೋಂದಣಿ ಎಂದು ಇಬ್ಬರೂ ಬರೆದು ಸಹಿ ಮಾಡಿದ್ದಾರೆ. ಊರಿಗೆ ಫೋನ್ ಮಾಡಿ ತಾಯಿಗೆ ತಿಳಿಸುವ ಕೆಲಸ ಆತನದೆಂದು ಆಕೆ ಕೊನೆಯ ಸಾಲಿನಲ್ಲಿ ಸೇರಿಸಿದ್ದಾಳೆ. ಆತ ಇನ್ನೂ ಫೋನ್ ಮಾಡಿಲ್ಲ.