ಬೆಳೆಸಿದ ಊರಿಗೂ ಒಂದು ಪಾಲು ಬೇಡವೇ?

ಬಾಸ್ಕೆಟ್‌ಬಾಲ್ ನೋಡದವರೂ 1992ರ ‘ಡ್ರೀಮ್ ಟೀಮ್’ ಹೆಸರು ಕೇಳಿರುತ್ತಾರೆ. ಮೈಕೆಲ್ ಜೋರ್ಡಾನ್, ಮ್ಯಾಜಿಕ್ ಜಾನ್ಸನ್, ಲ್ಯಾರಿ ಬರ್ಡ್ ಒಂದೇ ತಂಡದಲ್ಲಿ ಆಡಿದ ಒಲಿಂಪಿಕ್ಸ್ ಅದು. ಎಲ್ಲಿ ನಡೆಯಿತು ಎಂದು ಕೇಳಿದರೆ ಎಲ್ಲರೂ ಬಾರ್ಸಿಲೋನಾ ಎನ್ನುತ್ತಾರೆ. ಒಲಿಂಪಿಕ್ಸ್ ಬಾರ್ಸಿಲೋನಾದ್ದೇ ಹೌದು, ಆದರೆ ಬಾಸ್ಕೆಟ್‌ಬಾಲ್ ಪಂದ್ಯಗಳು ನಡೆದದ್ದು ಅದರ ಮಗ್ಗುಲಿನ ಬದಲೋನದಲ್ಲಿ. ಮೆಡಿಟರೇನಿಯನ್ ದಂಡೆಯ ಈ ಕಾರ್ಖಾನೆಗಳ ಊರಿನ ಜನಸಂಖ್ಯೆ ಎರಡು ಲಕ್ಷಕ್ಕೆ ತುಸು ಹೆಚ್ಚು. ಇಲ್ಲಿ ಬಾಸ್ಕೆಟ್‌ಬಾಲ್ ಅಂದರೆ ನಮ್ಮ ಕಡೆ ಕ್ರಿಕೆಟ್ ಇದ್ದಂತೆ. ಅದಕ್ಕೆ ಕಾರಣ ಜುವೆಂತುತ್ ಎಂಬ ಕ್ಲಬ್. ಒಲಿಂಪಿಕ್ಸ್ ನಡೆದ ಆ ಒಳಾಂಗಣವೇ ಇಂದಿಗೂ ಅದರ ತವರು ಅಂಗಳ.

ಕತಲಾನ್ ಭಾಷೆಯಲ್ಲಿ ‘ಜುವೆಂತುತ್’ ಎಂದರೆ ಯೌವನ. ಹೆಸರಿಗೆ ತಕ್ಕಂತೆ 1930ರಲ್ಲಿ ಊರಿನ ಒಂದಷ್ಟು ಹುಡುಗರು ಸೇರಿ ಇದನ್ನು ಕಟ್ಟಿದರು. ಚಾರ್ಲ್ಸ್ ಲಿಂಡ್‌ಬರ್ಗ್ ಒಬ್ಬನೇ ಅಟ್ಲಾಂಟಿಕ್ ದಾಟಿ ಇನ್ನೂ ಮೂರು ವರ್ಷ ಆಗಿತ್ತಷ್ಟೇ. ಅವನ ವಿಮಾನ ‘ಸ್ಪಿರಿಟ್ ಆಫ್ ಸೇಂಟ್ ಲೂಯಿಸ್’ನ ಹುಚ್ಚು ಹಿಡಿದಿದ್ದ ಈ ಹುಡುಗರು ತಮ್ಮ ಕೂಟಕ್ಕೆ ‘ಪೆನ್ಯಾ ಸ್ಪಿರಿಟ್ ಆಫ್ ಬದಲೋನ’ ಎಂದು ಹೆಸರಿಟ್ಟರು. ‘ಪೆನ್ಯಾ’ ಎಂದರೆ ಗೆಳೆಯರ ಬಳಗ. ಅಂತರ್ಯುದ್ಧ ಮುಗಿದ ಮೇಲೆ ಹೆಸರು ಬದಲಾಯಿತು. ಆದರೆ ಊರಿನವರು ಈಗಲೂ ಪ್ರೀತಿಯಿಂದ ಕರೆಯುವುದು ‘ಲಾ ಪೆನ್ಯಾ’ ಎಂದೇ.

ಈ ಕ್ಲಬ್ಬಿನ ಬಗ್ಗೆ ಓದುತ್ತಾ ಹೋದಾಗ ನನಗೆ ಅಚ್ಚರಿ ಹುಟ್ಟಿಸಿದ್ದು ಅದರ ಕಪ್ಪುಗಳಿಗಿಂತ ಅದರ ಹಾಜರಿ. ಸ್ಪೇನ್‌ನ ರಾಷ್ಟ್ರೀಯ ಲೀಗ್ 1957ರಲ್ಲಿ ಆರು ತಂಡಗಳೊಂದಿಗೆ ಶುರುವಾಯಿತು. ಅಂದಿನಿಂದ ಒಂದು ವರ್ಷವೂ ತಪ್ಪದೆ ಮೊದಲ ದರ್ಜೆಯಲ್ಲಿ ಆಡಿರುವ ಕ್ಲಬ್ಬುಗಳು ಇಂದು ಎರಡೇ: ಒಂದು ರಿಯಲ್ ಮ್ಯಾಡ್ರಿಡ್, ಇನ್ನೊಂದು ಜುವೆಂತುತ್. ಬಾರ್ಸಿಲೋನಾ ಕೂಡ ಈ ಪಟ್ಟಿಯಲ್ಲಿ ಇಲ್ಲ. ಬಹಳ ಕಾಲ ಮೂರನೆಯದಾಗಿದ್ದ ಎಸ್ತುದಿಯಾಂತೆಸ್ ಕ್ಲಬ್ 2021ರಲ್ಲಿ ಕೆಳದರ್ಜೆಗೆ ಇಳಿಯಿತು. ರಿಯಲ್ ಮ್ಯಾಡ್ರಿಡ್ ಹಿಂದೆ ಫುಟ್‌ಬಾಲ್‌ನ ದುಡ್ಡಿದೆ, ಜಗತ್ತಿನಾದ್ಯಂತ ಅಭಿಮಾನಿಗಳಿದ್ದಾರೆ. ಬದಲೋನದ ಬೆನ್ನಿಗೆ ಅಂಥದ್ದೇನೂ ಇಲ್ಲ. ಹಾಗಾದರೆ ಇಷ್ಟು ವರ್ಷ ನಿಂತದ್ದು ಹೇಗೆ?

ಉತ್ತರ ಸರಳ. ಕೊಳ್ಳಲು ದುಡ್ಡಿಲ್ಲದ ಕಾರಣ ಅವರು ಆಟಗಾರರನ್ನು ಬೆಳೆಸಿದರು. ಜೋರ್ದಿ ವಿಲ್ಲಾಕಾಂಪಾ, ಜೋಫ್ರೇಸಾ ಸಹೋದರರು ಈ ಕ್ಲಬ್ಬಿನ ಕಿರಿಯರ ತಂಡಗಳಲ್ಲೇ ಪಳಗಿದವರು. ವಿಲ್ಲಾಕಾಂಪಾ 1980ರಿಂದ 1997ರವರೆಗೆ ಬೇರೆ ಕ್ಲಬ್ಬಿನ ಅಂಗಿ ತೊಡಲಿಲ್ಲ. ಆಮೇಲೆ ಅದೇ ಕ್ಲಬ್ಬಿನ ಅಧ್ಯಕ್ಷನಾಗಿ ಹದಿನೆಂಟು ವರ್ಷ ದುಡಿದರು. ಇಂಥವರನ್ನು ಕಟ್ಟಿಕೊಂಡು 1991 ಮತ್ತು 1992ರಲ್ಲಿ ಸತತ ಎರಡು ಬಾರಿ ಲೀಗ್ ಗೆದ್ದರು.

ಯುರೋಪಿನ ಕಪ್ ಮಾತ್ರ ಕೈಗೆ ಬಂದು ಜಾರಿತು. 1992ರಲ್ಲಿ ಇಸ್ತಾಂಬುಲ್‌ನಲ್ಲಿ ನಡೆದ ಫೈನಲ್‌ನಲ್ಲಿ ಬೆಲ್‌ಗ್ರೇಡಿನ ಪಾರ್ಟಿಜಾನ್ ಎದುರು ಕೊನೆಯ ಕ್ಷಣದವರೆಗೂ ಜುವೆಂತುತ್ ಮುಂದಿತ್ತು. ಆಗ ಜಾರ್ಜೆವಿಚ್ ದೂರದಿಂದ ಎಸೆದ ಚೆಂಡು ಬುಟ್ಟಿಗೆ ಬಿತ್ತು. 71-70. ಆ ಪಾರ್ಟಿಜಾನ್ ತಂಡದ ಕೋಚ್ ಜೆಲ್ಕೊ ಒಬ್ರಾದೊವಿಚ್. ಬದಲೋನದವರು ಮುಂದೆ ಮಾಡಿದ ಕೆಲಸ ನೋಡಿ: ತಮ್ಮನ್ನು ಸೋಲಿಸಿದ ಅದೇ ಕೋಚ್‌ನನ್ನು ತಮ್ಮಲ್ಲಿಗೇ ಕರೆತಂದರು! 1994ರಲ್ಲಿ ಟೆಲ್ ಅವೀವ್‌ನಲ್ಲಿ ಗ್ರೀಸಿನ ಒಲಿಂಪಿಯಾಕೊಸ್ ವಿರುದ್ಧ ಫೈನಲ್. ಕೊನೆಯ ಅರೆ ನಿಮಿಷದಲ್ಲಿ ಕಾರ್ನಿ ಥಾಂಪ್ಸನ್ ಎಸೆದ ಮೂರು ಅಂಕದ ಚೆಂಡು ಪಂದ್ಯ ತಿರುಗಿಸಿತು. 59-57. ಸೆಮಿಫೈನಲ್‌ನಲ್ಲಿ ಅವರು ಸೋಲಿಸಿದ್ದು ಯಾರನ್ನು ಗೊತ್ತೇ? ಪಕ್ಕದ ಊರಿನ ಬಾರ್ಸಿಲೋನಾವನ್ನು. ಆ ಹೊತ್ತಿಗೆ ಬಾರ್ಸಿಲೋನಾ ಈ ಕಪ್ಪನ್ನು ಒಮ್ಮೆಯೂ ಗೆದ್ದಿರಲಿಲ್ಲ.

ಇಲ್ಲಿಯವರೆಗೆ ಇದು ಸಣ್ಣ ಊರು ದೊಡ್ಡವರನ್ನು ಗೆದ್ದ ಕಥೆ. ನನ್ನ ತಕರಾರು ಇರುವುದು ಮುಂದಿನ ಭಾಗದ ಬಗ್ಗೆ.

2005ರ ಅಕ್ಟೋಬರ್‌ನಲ್ಲಿ ರಿಕಿ ರೂಬಿಯೊ ಎಂಬ ಹುಡುಗ ಜುವೆಂತುತ್ ಪರವಾಗಿ ಸ್ಪೇನ್‌ನ ಮೊದಲ ದರ್ಜೆ ಲೀಗ್‌ಗೆ ಇಳಿದ. ಆಗ ಅವನಿಗೆ 14 ವರ್ಷ. ಆ ಲೀಗ್‌ನಲ್ಲಿ ಅಷ್ಟು ಚಿಕ್ಕ ವಯಸ್ಸಿಗೆ ಯಾರೂ ಆಡಿರಲಿಲ್ಲ. ಜತೆಗೆ ರೂಡಿ ಫೆರ್ನಾಂದೆಸ್, ಕೋಚ್ ಆಗಿ ಅನುಭವಿ ಐತೊ ಗಾರ್ಸಿಯಾ ರೆನೆಸೆಸ್. 2008ರಲ್ಲಿ ಈ ತಂಡ ಸ್ಪೇನ್‌ನ ರಾಜನ ಕಪ್ ಗೆದ್ದಿತು, ಯುರೋಪಿನ ಯುಲೆಬ್ ಕಪ್ ಕೂಡ ಗೆದ್ದಿತು. ಅದೇ ಆಗಸ್ಟ್‌ನಲ್ಲಿ ಬೀಜಿಂಗ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಸ್ಪೇನ್ ತಂಡ ಅಮೆರಿಕವನ್ನು ಬೆವರಿಳಿಸಿ 107-118ರಲ್ಲಿ ಸೋತಾಗ ಕೋಚ್ ಕುರ್ಚಿಯಲ್ಲಿದ್ದದ್ದು ಇದೇ ಐತೊ. ಅಂಗಳದಲ್ಲಿ ರೂಡಿ ಇದ್ದ, 17ರ ರೂಬಿಯೊ ಇದ್ದ. ಒಂದು ದೇಶದ ಬೆಳ್ಳಿ ಪದಕದಲ್ಲಿ ಒಂದು ಸಣ್ಣ ಊರಿನ ಪಾಲು ಅಷ್ಟಿತ್ತು.

ಆಮೇಲೆ? ರೂಡಿ ಅದೇ ವರ್ಷ ಎನ್‌ಬಿಎಗೆ ಹೋದ. 2009ರಲ್ಲಿ ರೂಬಿಯೊನನ್ನು ಮಿನೆಸೋಟಾ ತಂಡ ಐದನೇ ಆಯ್ಕೆಯಾಗಿ ಆರಿಸಿತು. ಅವನ ಒಪ್ಪಂದದಲ್ಲಿ ಕ್ಲಬ್ ಬಿಡಬೇಕಾದರೆ ದೊಡ್ಡ ಮೊತ್ತ ಕಟ್ಟಬೇಕೆಂಬ ಷರತ್ತಿತ್ತು. ಆಗಿನ ನಿಯಮದ ಪ್ರಕಾರ ಎನ್‌ಬಿಎ ತಂಡ ತನ್ನ ಕಡೆಯಿಂದ ಸುಮಾರು 5 ಲಕ್ಷ ಡಾಲರ್ ಮಾತ್ರ ಕೊಡಬಹುದಿತ್ತು. ಉಳಿದದ್ದು ಆಟಗಾರನ ತಲೆ ಮೇಲೆ. ಆ ಮೊತ್ತದ ವಿಚಾರದಲ್ಲಿ ಹುಡುಗನಿಗೂ ಕ್ಲಬ್ಬಿಗೂ ಜಗಳವಾಯಿತು. ಕೊನೆಗೆ ಬಾರ್ಸಿಲೋನಾ 35 ಲಕ್ಷ ಯೂರೊ ಆಸುಪಾಸಿನ ಹಣ ಕೊಟ್ಟು ಅವನನ್ನು ಕರೆದೊಯ್ಯಿತು. ಎರಡು ವರ್ಷ ಅಲ್ಲಿ ಆಡಿ ಅವನು ಅಮೆರಿಕಕ್ಕೆ ಹೋದ. ಅಲ್ಲಿಂದ ಮುಂದೆ ಅವನ ಸಂಬಳ, ಜೆರ್ಸಿ ಮಾರಾಟ, ಟಿ.ವಿ. ಹಕ್ಕುಗಳ ಹಣ ಯಾವುದರಲ್ಲೂ ಬದಲೋನಕ್ಕೆ ಪಾಲಿಲ್ಲ. ಒಂಬತ್ತೇ ವರ್ಷಗಳ ನಂತರ, 2018ರಲ್ಲಿ, ಜುವೆಂತುತ್ ಹಣವಿಲ್ಲದೆ ಮುಚ್ಚಿಹೋಗುವ ಹಂತ ತಲುಪಿತು. ಔಷಧ ಉದ್ಯಮದ ಗ್ರಿಫೋಲ್ಸ್ ಕುಟುಂಬದ ನಂಟಿರುವ ಕಂಪನಿಯೊಂದು ಬಂಡವಾಳ ಹಾಕಿದ್ದರಿಂದ ಉಳಿಯಿತು.

ಉತ್ತು ಬಿತ್ತಿದವರು ಒಬ್ಬರು, ಕಣಜ ತುಂಬಿಸಿಕೊಂಡವರು ಇನ್ನೊಬ್ಬರು. ಇದು ಸರಿಯೇ?

ಇದಕ್ಕೆ ಎದುರು ವಾದ ಇದೆ, ಮತ್ತು ಅದು ಹಗುರವಾದದ್ದಲ್ಲ. ಆಟಗಾರನೇನು ಕ್ಲಬ್ಬಿನ ಆಸ್ತಿಯೇ? ಹದಿನಾಲ್ಕು, ಹದಿನೈದರ ಹುಡುಗ ಸಹಿ ಹಾಕಿದ ಕಾಗದಕ್ಕೆ ಅವನ ಬದುಕನ್ನೇ ಕಟ್ಟಿಹಾಕಬಹುದೇ? ಎಂಜಿನಿಯರಿಂಗ್ ಓದುವ ನಮಗೆ ಈ ಪ್ರಶ್ನೆ ಚೆನ್ನಾಗಿ ಅರ್ಥವಾಗುತ್ತದೆ. ಕ್ಯಾಂಪಸ್ ಸೆಲೆಕ್ಷನ್‌ಗೆ ಬರುವ ಕೆಲವು ಕಂಪನಿಗಳು ‘ಬಾಂಡ್’ ಬರೆಸಿಕೊಳ್ಳುತ್ತವೆ. ತರಬೇತಿ ಕೊಡುತ್ತೇವೆ, ಎರಡು ವರ್ಷದೊಳಗೆ ಬಿಟ್ಟರೆ ಇಂತಿಷ್ಟು ಲಕ್ಷ ಕಟ್ಟಿ ಎನ್ನುತ್ತವೆ. ಹಾಸ್ಟೆಲ್‌ನಲ್ಲಿ ಇದರ ಬಗ್ಗೆ ಚರ್ಚೆ ಎದ್ದಾಗಲೆಲ್ಲ ನಾನು ಬಾಂಡ್‌ನ ವಿರೋಧಿ. ಸಾಲ ಮಾಡಿ ಓದಿದ ಹುಡುಗ ಒಳ್ಳೆಯ ಅವಕಾಶ ಬಂದಾಗ ಹೊರಡಲಾಗದೆ ಒದ್ದಾಡಬಾರದು. ಹಾಗಿದ್ದ ಮೇಲೆ ರೂಬಿಯೊ ವಿಷಯದಲ್ಲಿ ಕ್ಲಬ್ಬಿನ ಪರ ಮಾತನಾಡುವುದು ಇಬ್ಬಗೆಯ ನ್ಯಾಯವಲ್ಲವೇ?

ಅಲ್ಲ ಎನ್ನುವುದು ನನ್ನ ಅಭಿಪ್ರಾಯ. ಏಕೆಂದರೆ ನಾನು ಕೇಳುತ್ತಿರುವ ಪಾಲನ್ನು ಹುಡುಗ ಕೊಡಬೇಕಾಗಿಲ್ಲ, ಅವನನ್ನು ಪಡೆಯುವ ತಂಡ ಕೊಡಲಿ. ಹೊರಡುವವನ ಕಾಲಿಗೆ ಬಾಂಡ್ ಕಟ್ಟಿದರೆ ಅವನೂ ಕ್ಲಬ್ಬೂ ಶತ್ರುಗಳಾಗುತ್ತಾರೆ, ಬದಲೋನದಲ್ಲಿ ಆದದ್ದೂ ಅದೇ. ಹಣ ಕಟ್ಟುವ ಹೊಣೆ ಕರೆದೊಯ್ಯುವವರ ಮೇಲಿದ್ದರೆ ಆ ಜಗಳವೇ ಹುಟ್ಟುವುದಿಲ್ಲ.

ಇದು ಆಗದ ಮಾತೇನೂ ಅಲ್ಲ. ಫುಟ್‌ಬಾಲ್‌ನಲ್ಲಿ ಈಗಾಗಲೇ ಇದೆ. ಆಟಗಾರನೊಬ್ಬ ಒಂದು ದೇಶದ ಕ್ಲಬ್ಬಿನಿಂದ ಇನ್ನೊಂದು ದೇಶದ ಕ್ಲಬ್ಬಿಗೆ ಮಾರಾಟವಾದಾಗ, ಆ ಮೊತ್ತದ ಶೇ 5ರಷ್ಟನ್ನು ಅವನ 12ರಿಂದ 23ನೇ ವಯಸ್ಸಿನವರೆಗೆ ತರಬೇತಿ ನೀಡಿದ ಕ್ಲಬ್ಬುಗಳಿಗೆ ಹಂಚಬೇಕೆಂಬುದು ಫಿಫಾ ನಿಯಮ. ಎಲ್ಲೋ ಹಳ್ಳಿಯ ಮೈದಾನದಲ್ಲಿ ಹುಡುಗನಿಗೆ ಮೊದಲ ಬೂಟು ಕೊಡಿಸಿದ ಕ್ಲಬ್ಬಿಗೂ ವರ್ಷಗಳ ನಂತರ ಒಂದಿಷ್ಟು ಹಣ ಬರುತ್ತದೆ. ಅಮೆರಿಕದ ಎನ್‌ಬಿಎ ಈ ಬಗೆಯ ಯಾವ ಹಂಚಿಕೆಗೂ ಒಳಪಟ್ಟಿಲ್ಲ.

ಈಗಂತೂ ಸಮಸ್ಯೆ ಇನ್ನೂ ಕೆಳಗಿನ ವಯಸ್ಸಿಗೆ ಇಳಿದಿದೆ. 2025ರಿಂದ ಅಮೆರಿಕದ ಕಾಲೇಜುಗಳು ತಮ್ಮ ಆಟಗಾರರಿಗೆ ನೇರವಾಗಿ ಹಣ ಕೊಡಬಹುದು. ಯುರೋಪಿನ ಕ್ಲಬ್ಬುಗಳಲ್ಲಿ ಹತ್ತು ವರ್ಷ ಪಳಗಿದ ಹದಿನೆಂಟು, ಹತ್ತೊಂಬತ್ತರ ಹುಡುಗರು ಸಾಲುಸಾಲಾಗಿ ಅತ್ತ ಹೊರಟಿದ್ದಾರೆ. ಹುಡುಗರನ್ನು ದೂರುವಂತಿಲ್ಲ. ನನಗೆ ಅಂಥ ಅವಕಾಶ ಸಿಕ್ಕರೆ ನಾನೂ ಚೀಲ ಕಟ್ಟುತ್ತೇನೆ. ಆದರೆ ಹಿರಿಯರ ತಂಡದಲ್ಲಿ ಒಂದು ವರ್ಷವೂ ಆಡದೆ ಹುಡುಗ ಹೊರಟುಹೋಗುವುದಾದರೆ, ಕ್ಲಬ್ಬಿನ ಲೆಕ್ಕ ನೋಡಿಕೊಳ್ಳುವವರು ಒಂದು ದಿನ ಕೇಳಿಯೇ ಕೇಳುತ್ತಾರೆ: ಈ ಮಕ್ಕಳ ತಂಡಗಳಿಗೆ ಕೋಚು, ಬಸ್ಸು, ಊಟ ಅಂತ ಖರ್ಚು ಮಾಡುವುದು ಯಾಕೆ? ಆ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಮೊದಲು ನಿಲ್ಲುವುದು ಹನ್ನೆರಡು ವರ್ಷದ ಮಕ್ಕಳ ಸಂಜೆಯ ಅಭ್ಯಾಸ. ಮುಂದಿನ ರೂಬಿಯೊ ಅಲ್ಲೇ ಎಲ್ಲೋ ಚೆಂಡು ಪುಟಿಸುತ್ತಿರುತ್ತಾನೆ.

ರೂಬಿಯೊ 2019ರ ವಿಶ್ವಕಪ್ ಅನ್ನು ಸ್ಪೇನ್‌ಗೆ ಗೆದ್ದುಕೊಟ್ಟು ಟೂರ್ನಿಯ ಶ್ರೇಷ್ಠ ಆಟಗಾರನಾದ. 2023ರಲ್ಲಿ ಮಾನಸಿಕ ಆರೋಗ್ಯ ಮುಖ್ಯ ಎಂದು ಆಟ ನಿಲ್ಲಿಸಿದ. 2025ರಲ್ಲಿ, ಮೂವತ್ತನಾಲ್ಕನೇ ವಯಸ್ಸಿಗೆ, ಮತ್ತೆ ಆಡಲು ಅವನು ಆರಿಸಿಕೊಂಡದ್ದು ಜುವೆಂತುತ್ ಕ್ಲಬ್ಬನ್ನೇ. ಹಳೆಯ ಜಗಳ ಮರೆತು ಊರು ಅವನನ್ನು ಬರಮಾಡಿಕೊಂಡಿತು. ಓದಿ ಖುಷಿಯಾಯಿತು. ಆದರೆ ಹೋದವರೆಲ್ಲ ಹೀಗೆ ವಾಪಸ್ ಬರುವುದಿಲ್ಲ, ಬರಬೇಕೆಂದು ಕೇಳುವ ಹಕ್ಕೂ ಯಾರಿಗೂ ಇಲ್ಲ. ಹೋದವರ ಪ್ರೀತಿಯನ್ನು ನಂಬಿ ಒಂದು ಕ್ಲಬ್ ಮಕ್ಕಳ ತಂಡ ನಡೆಸಲಾಗದು. ಅದಕ್ಕೆ ಬೇಕಾದದ್ದು ಒಂದು ನಿಯಮ, ಶೇ 5ರಷ್ಟಾದರೂ ಪಾಲು.