ಹಳೆಯ ಕುಂಡಗಳಿಗೆ ಹಬೆಯ ಶುದ್ಧಿ

ವಿಜಯಪುರದಲ್ಲಿ ಮುಂಗಾರಿನ ಮೊದಲ ಹನಿ ಬಿದ್ದೊಡನೆ ಹಿತ್ತಲುಗಳಲ್ಲಿ ಬದನೆ, ಮೆಣಸಿನ ಗಿಡಗಳ ಬೀಜ ಊರುವ ಸಿದ್ಧತೆ ನಡೆಯುವದು. ತಿಕೋಟಾ, ಬಬಲೇಶ್ವರಗಳ ದ್ರಾಕ್ಷಿಯ ಸೀಮೆಯಲ್ಲಿಯಂತೂ ಸಸಿಯೇ ಒಕ್ಕಲಿಗನ ಮೂಲಧನ. ಆದರೆ ಕಳೆದ ವರ್ಷದ ಕುಂಡಗಳನ್ನು ಹಾಗೆಯೇ ಬಳಸಿದಲ್ಲಿ, ಮೊಳೆತ ಸಸಿಗಳು ಬುಡ ಕೊಳೆತು ಒರಗುವದುಂಟು. ಆಗ ಬೀಜವನ್ನು ದೂರುವವರೇ ಬಹಳ. ಕುಂಡವನ್ನು ನೋಡುವವರು ವಿರಳ. ಪಿಥಿಯಂ, ರೈಜೊಕ್ಟೋನಿಯ ಮೊದಲಾದ ಶಿಲೀಂಧ್ರಗಳು ಕುಂಡಕ್ಕೆ ಅಂಟಿದ ಮಣ್ಣಿನಲ್ಲಿ ಅಡಗಿದ್ದು, ತೇವ ತಗಲಿದೊಡನೆ ಎಚ್ಚರುವವು.

ಇದಕ್ಕೆ ಮದ್ದು ನಮ್ಮ ಅಡಿಗೆಮನೆಯಲ್ಲಿಯೇ ಇದೆ. ಕೆನೆತ್ ಬೇಕರರು ಸಂಪಾದಿಸಿದ, 1957ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವು ಪ್ರಕಟಿಸಿದ ಕೈಪಿಡಿಯ ಕಾಲದಿಂದ ಸಸ್ಯಪಾಲಕರು ನಂಬಿದ ಅಳತೆಯಿದು: 60 ಡಿಗ್ರಿ ಸೆಲ್ಸಿಯಸ್ ಒದ್ದೆ ಶಾಖದಲ್ಲಿ 30 ನಿಮಿಷವಿದ್ದರೆ ಸಸಿಗಳನ್ನು ಕೆಡಿಸುವ ಬಹುತೇಕ ರೋಗಾಣುಗಳು ಸಾಯುವವು. ಒಣ ಶಾಖಕ್ಕಿಂತ ಹಬೆಯು ಬಲವಾದದ್ದು. ಯಾಕಂದರೆ ಒಂದು ಗ್ರಾಂ ಹಬೆಯು ತಣ್ಣನೆಯ ಕುಂಡಕ್ಕೆ ತಗಲಿ ನೀರಾಗುವಾಗ ಸುಮಾರು 540 ಕ್ಯಾಲರಿ ಶಾಖವನ್ನು ಬಿಟ್ಟುಕೊಡುವದು.

ಮೊದಲು ಕುಂಡಗಳನ್ನು ಬ್ರಷಿನಿಂದ ತಿಕ್ಕಿ ತೊಳೆಯತಕ್ಕದ್ದು. ಹೆಂಟೆಯ ಒಳಗೆ ಶಾಖವು ಬೇಗ ಇಳಿಯದು. ತೊಳೆದ ನೀರನ್ನು ಸಸಿಮಡಿಗೆ ಚೆಲ್ಲಬಾರದು. ಬಳಿಕ ದೊಡ್ಡ ಹಂಡೆಯಲ್ಲಿ ನಾಲ್ಕು ಬೆರಳು ನೀರು ಹಾಕಿ, ಮೇಲೆ ಜಾಲರಿಯಿಟ್ಟು, ಮಣ್ಣಿನ ಕುಂಡಗಳನ್ನು ಬೋರಲಾಗಿ, ನಡುವೆ ಸಂದುಬಿಟ್ಟು ಜೋಡಿಸಬೇಕು. ಮುಚ್ಚಳದಂಚಿನಿಂದ ಹಬೆಯು ಧಾರಾಳವಾಗಿ ಹೊರಡತೊಡಗಿದ ಮೇಲೆ ಅರ್ಧ ತಾಸು ಎಣಿಸಬೇಕು. ಹಂಡೆಯಲ್ಲಿಯೇ ಆರಗೊಡದಿದ್ದರೆ ಕುಂಡಗಳು ಬಿರಿಯುವವು. ಮುಚ್ಚಳವನ್ನು ಮೈಯಿಂದಾಚೆಗೆ ಓರೆಮಾಡಿ ತೆಗೆಯಿರಿ. ಹಬೆಯ ಸುಟ್ಟಗಾಯವು ಬೆಂಕಿಯದಕ್ಕಿಂತ ಕಡಿಮೆಯದಲ್ಲ.

ತೆಳುವಾದ ಪ್ಲಾಸ್ಟಿಕ್ ತಟ್ಟೆಗಳು ಕುದಿಯುವ ಹಬೆಗೆ ಸೊಟ್ಟಗಾಗುವವು. ಅವುಗಳನ್ನು 60ರಿಂದ 65 ಡಿಗ್ರಿಯ ಬಿಸಿನೀರಿನಲ್ಲಿ, ತೇಲದಂತೆ ಕಲ್ಲು ಹೇರಿ, ಅರ್ಧ ತಾಸು ಪೂರ್ತಿ ಮುಳುಗಿಸಿಡಬೇಕು. ಇಲ್ಲಿ ಕೈಯಂದಾಜು ಸಲ್ಲದು, ಉಷ್ಣಮಾಪಕವನ್ನೇ ನಂಬಬೇಕು. ನೀರು ಆರುತ್ತ ಬಂದರೆ ಬಿಸಿನೀರು ಬೆರೆಸುತ್ತಿರಬೇಕು. ಈ ನೀರು ಚೆಲ್ಲಲಿಕ್ಕಲ್ಲ. ನೀರು ದುರ್ಲಭವಾದ ನಮ್ಮ ಸೀಮೆಯಲ್ಲಿ ಆರಿದ ಮೇಲೆ ದೊಡ್ಡ ಗಿಡಗಳ ಬುಡಕ್ಕೆ ಹಾಕಬಹುದು.

ಟೊಮೆಟೊ, ಮೆಣಸಿನ ಗಿಡಗಳಿಗೆ ತಗಲುವ ಮೊಸಾಯಿಕ್ ರೋಗದ ವಿಷಾಣುಗಳಲ್ಲಿ ಕೆಲವು ಈ ಶಾಖಕ್ಕೆ ಜಗ್ಗವು. ಆ ರೋಗ ಬಂದ ಗಿಡವಿದ್ದ ತಟ್ಟೆಯನ್ನು ಮತ್ತೆ ಬಳಸದಿರುವದೇ ಲೇಸು.

ಶುದ್ಧವಾದ ಕುಂಡವನ್ನು ಬರಿನೆಲದ ಮೇಲಿಟ್ಟು, ಹಳೆಯ ಮಣ್ಣನ್ನೇ ತುಂಬಿದರೆ ಪಟ್ಟ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಎತ್ತರದ ಹಲಗೆಯ ಮೇಲಿಟ್ಟು ಹೊಸ ಮಣ್ಣು ತುಂಬಿರಿ. ಅರ್ಧ ತಾಸಿನ ಉರುವಲು ಒಂದು ಹಂಗಾಮಿನ ಸಸಿಗಳನ್ನು ಕಾಯುವದು.