ಡಿಕ್ರಿ ಹಣ ಕಟ್ಟಿದರಷ್ಟೇ ಸಾಲದು
ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಸದಸ್ಯರು ಡಿಕ್ರಿಯಾದ ಸಾಲವನ್ನು ಹಿರಿಯರ ಸಮಕ್ಷಮ ತೀರಿಸಿ ನಿಶ್ಚಿಂತರಾಗುವುದುಂಟು. ಇದು ಅಪಾಯ. ಹೊರಗೆ ಕೊಟ್ಟ ಹಣ ದಾಖಲಾಗದಿದ್ದರೆ, ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶದ 2ನೇ ನಿಯಮದಂತೆ ಅಮಲ್ಜಾರಿ ನ್ಯಾಯಾಲಯ ಅದನ್ನು ಲೆಕ್ಕಕ್ಕೇ ಹಿಡಿಯದು. ಡಿಕ್ರಿಗೆ 12 ವರ್ಷ ಆಯುಸ್ಸು. ಅಷ್ಟರೊಳಗೆ ಯಾವಾಗಲಾದರೂ ಜಪ್ತಿಗೆ ಅರ್ಜಿ ಬಂದೀತು. ಜೀವನಕ್ಕೆ ಬೇಕಾದ ಉಳುವ ಎತ್ತು, ಬಿತ್ತನೆ ಬೀಜ, ನೇಕಾರನ ಮಗ್ಗಗಳಿಗೆ 60ನೇ ಪ್ರಕರಣದ ರಕ್ಷಣೆಯಿದೆ, ಅಡಿಕೆ ತೋಟಕ್ಕಿಲ್ಲ.

ಸಂದಾಯವನ್ನು ತಿಳಿಸುವ ಹೊಣೆ ಡಿಕ್ರಿದಾರನದೂ ಹೌದು. ಆದರೆ 30 ದಿನಗಳ ಗಡುವು ಸಾಲಗಾರನಿಗೆ ಮಾತ್ರ! ಇದು ಸರಿಯಲ್ಲವೆಂದೇ ನಮ್ಮ ಅಭಿಪ್ರಾಯ. ತಿದ್ದುಪಡಿಯಾಗುವವರೆಗೆ ಬ್ಯಾಂಕಿನ ಮೂಲಕ ಕಟ್ಟಿ ಅಥವಾ ಬರಹದ ರಸೀದಿ ಪಡೆದು, ಗಡುವಿನೊಳಗೆ ನ್ಯಾಯಾಲಯಕ್ಕೆ ಅರ್ಜಿ ಕೊಡಿ. ಡಿಕ್ರಿದಾರ ನೆಂಟನಾದರೂ ಸಂಕೋಚ ಬೇಡ.